ಯಾವ ಮೆಷೀನು ಅಂತ ಕೇಳೋ ಮುಂಚೆ ಏನು ಕೆಲ್ಸ ಅಂತ ಕೇಳಿ

ಮೊನ್ನೆ ಆಫೀಸ್ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಿದ್ದಾಗ ನಮ್ಮ ಟೀಮಿನ ಹುಡುಗನೊಬ್ಬ, "ಈ ಕಾಲದಲ್ಲೂ ಪೇಜ್‌ಮೇಕರ್ ಇಟ್ಕೊಂಡು ಕೆಲ್ಸ ಮಾಡೋರು ಇದಾರಾ ಗುರೂ? ಅವರನ್ನ ಮ್ಯೂಸಿಯಮ್ಮಿಗೆ ಸೇರಿಸ್ಬೇಕು" ಅಂದ. ಎಲ್ಲರೂ ನಕ್ಕರು. ಅವನ ಮುಂದೆ ಕಂಪನಿ ಕೊಟ್ಟ ಮ್ಯಾಕ್‌ಬುಕ್ ಇತ್ತು. ನನ್ನ ಮುಂದೆಯೂ ಅಂಥದ್ದೇ ಇತ್ತು. ಒಂದು ವರ್ಷದ ಹಿಂದೆ ಆಗಿದ್ದಿದ್ರೆ ನಾನೂ ನಗ್ತಿದ್ದೆ. ಈ ಸಲ ನಗು ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಹೇಳೋದಕ್ಕೇ ಇದನ್ನ ಬರೀತಿದೀನಿ. ಸ್ವಲ್ಪ ಖಾರವಾಗೇ ಬರೀತೀನಿ. ಬೈಕೊಳ್ಳೋರು ಬೈಕೊಳ್ಳಿ, ಬೈಗುಳದಲ್ಲಿ ಮೊದಲನೇ ಪಾಲು ಮಾತ್ರ ನನಗೇ ಇರಲಿ.

ನಮ್ಮ ಸಾಫ್ಟ್‌ವೇರ್ ಜನಕ್ಕೆ ಒಂದು ಕೆಟ್ಟ ಚಾಳಿ ಇದೆ. ಮನುಷ್ಯನ ಕೈಲಿರೋ ಯಂತ್ರ ನೋಡಿ ಅವನ ಜಾತಕ ಹೇಳಿಬಿಡ್ತೀವಿ. ಮ್ಯಾಕ್ ಇದ್ರೆ ರಸಿಕ, ಲಿನಕ್ಸ್ ಇದ್ರೆ ಜ್ಞಾನಿ, ವಿಂಡೋಸ್ ಇದ್ರೆ ಪಾಪದೋನು, ಅಗ್ಗದ ಆಂಡ್ರಾಯ್ಡ್ ಟ್ಯಾಬ್ ಇದ್ರೆ ಮಗುಗೆ ಊಟ ಮಾಡಿಸೋಕೆ ಕಾರ್ಟೂನ್ ಹಾಕಿಕೊಡೋನು. ಡಾಕ್ಟರು ಐಪ್ಯಾಡ್ ಹಿಡೀತಾರೆ, ಆಡಿಟರು ವಿಂಡೋಸ್ ಬಿಡಲ್ಲ, ಸಿನಿಮಾ ಎಡಿಟರು ಮ್ಯಾಕ್ ಬಿಡಲ್ಲ ಅನ್ನೋದನ್ನೆಲ್ಲ ಅವರವರ ರುಚಿ, ಒಬ್ಬರಿಗೆ ಬೋಂಡ ಇಷ್ಟ ಒಬ್ಬರಿಗೆ ಬಜ್ಜಿ ಇಷ್ಟ ಅನ್ನೋ ಥರ ಮಾತಾಡ್ತೀವಿ.

ರುಚಿಯೂ ಇಲ್ಲ, ಮಣ್ಣೂ ಇಲ್ಲ. ಆಡಿಟರ್ ಮೇಜಿನ ಮೇಲೆ ವಿಂಡೋಸ್ ಇದ್ರೆ ಅದಕ್ಕೆ ಕಾರಣ ಟ್ಯಾಲಿ. ಅವರ ಗಿರಾಕಿಗಳ ಲೆಕ್ಕವೆಲ್ಲ ಅದರಲ್ಲಿದೆ, ಅದು ಓಡೋದು ವಿಂಡೋಸ್ ಮೇಲೆ. ಕಟ್ಟಡದ ಇಂಜಿನಿಯರು ರೆವಿಟ್ ಬಳಸ್ತಾರೆ ಅಂದ್ರೆ ಅಲ್ಲೂ ವಿಂಡೋಸೇ, ಬೇರೆ ದಾರಿ ಇಲ್ಲ. ಫೈನಲ್ ಕಟ್ ಪ್ರೊ ಕಲಿತ ಎಡಿಟರು ಮ್ಯಾಕ್ ಬಿಟ್ಟು ಬರೋ ಹಾಗಿಲ್ಲ. ನಮ್ಮ ದೇಶದ ಜಿಲ್ಲಾ ಕೋರ್ಟುಗಳ ಜಡ್ಜುಗಳಿಗೆ ಇ-ಕೋರ್ಟ್ಸ್ ಯೋಜನೆಯಲ್ಲಿ ಉಬುಂಟು ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್ ಕೊಟ್ಟರು. ಆ ಜಡ್ಜುಗಳೆಲ್ಲ ಒಂದು ದಿನ ಬೆಳಗ್ಗೆ ಎದ್ದು ಮುಕ್ತ ತಂತ್ರಾಂಶದ ಮೇಲೆ ಪ್ರೀತಿ ಹುಟ್ಟಿಸಿಕೊಂಡರಾ? ಸುಪ್ರೀಂ ಕೋರ್ಟಿನ ಇ-ಕಮಿಟಿ ತೀರ್ಮಾನ ಮಾಡ್ತು, ಇವರು ಬಳಸಿದರು, ಅಷ್ಟೇ.

ಹಾಗಾದ್ರೆ ನಾವು? ನಮ್ಮ ಮ್ಯಾಕ್ ಏನು ನಮ್ಮ ಸಂಬಳದಲ್ಲಿ ಮೆಚ್ಚಿ ತಗೊಂಡಿದ್ದಾ? ಐಫೋನಿಗೆ ಆಪ್ ಮಾಡ್ಬೇಕು ಅಂದ್ರೆ ಎಕ್ಸ್‌ಕೋಡ್ ಬೇಕು, ಎಕ್ಸ್‌ಕೋಡ್ ಓಡೋದು ಮ್ಯಾಕಿನಲ್ಲಿ ಮಾತ್ರ, ಅದಕ್ಕೆ ಕಂಪನಿ ಮ್ಯಾಕ್ ಕೊಡ್ತು. ಕೆಲಸ ಬಿಟ್ಟ ದಿನ ಬ್ಯಾಗಿನಿಂದ ತೆಗೆದು ವಾಪಸ್ ಕೊಟ್ಟು ಬರ್ತೀವಿ. ಕೈಲಿರೋದು ಇನ್ನೊಬ್ಬರ ಯಂತ್ರ, ಅದನ್ನ ಇಟ್ಕೊಂಡು ಮೂರನೆಯವರ ಯಂತ್ರ ನೋಡಿ ನಗ್ತೀವಿ!

ಇದು ನನಗೆ ಆಫೀಸಿನಲ್ಲಿ ಹೊಳೆದ ಜ್ಞಾನ ಅಲ್ಲ. ಕೆಸರೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ, ಒಬ್ಬರ ಹೊಟ್ಟೆ ಮೇಲೆ ಹೊಡೆದು ಕಲಿತ ಪಾಠ.

ನಾನಿರೋದು ಮೈಸೂರಿನ ಕೆಸರೆಯಲ್ಲಿ, ಎರಡನೇ ಹಂತ. ಎರಡು ವರ್ಷದ ಹಿಂದೆ ಮುಡಾ ಗಲಾಟೆ ಎದ್ದಾಗ ಟೀವಿಯವರು "ಕೆಸರೆ ಸರ್ವೆ ನಂಬರ್ 464" ಅಂತ ದಿನಕ್ಕೆ ನೂರು ಸಲ ಹೇಳಿ ನಮ್ಮ ಏರಿಯಾ ಹೆಸರನ್ನ ರಾಜ್ಯಕ್ಕೆಲ್ಲ ಬಾಯಿಪಾಠ ಮಾಡಿಸಿದರು. ಅದು ಬಿಟ್ರೆ ಹೊರಗಿನೋರು ಹುಡುಕ್ಕೊಂಡು ಬರೋ ಜಾಗ ಅಲ್ಲ. ಇನ್ಫೋಸಿಸ್ ಇರೋ ಹೆಬ್ಬಾಳ ಊರಿನ ಆ ಕಡೆ, ನಾವು ಈ ಕಡೆ. ಗಾರೆ ಕೆಲಸದೋರು, ಆಟೋ ಓಡಿಸೋರು, ಗ್ಯಾರೇಜಿನೋರು, ಮನೆಕೆಲಸಕ್ಕೆ ಹೋಗೋರು ಇರೋ ಜಾಗ. ಬಾಡಿಗೆ ಕಮ್ಮಿ ಅಂತ ಬಂದೋನು ನಾನು, ನಮ್ಮೂರ ಥರಾನೇ ಇದೆ ಅಂತ ಉಳ್ಕೊಂಡೆ.

ನಮ್ಮ ಬೀದಿ ತುದಿಲಿ ಒಂದು ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. ನಡೆಸೋ ಅಕ್ಕನಿಗೆ ಐವತ್ತರ ಹತ್ತಿರ ವಯಸ್ಸು, ನಂಜನಗೂಡು ಕಡೆ ಹಳ್ಳಿಯೋರು. ಕನ್ನಡ ಟೈಪಿಂಗ್ ಸೀನಿಯರ್ ಪಾಸ್ ಮಾಡಿ, ಆಮೇಲೆ ನುಡಿ ಕಲಿತು, ಪೇಜ್‌ಮೇಕರ್ ಕಲಿತು, ಕೋರೆಲ್ ಡ್ರಾ ಕಲಿತು ಅಂಗಡಿ ಹಾಕಿದೋರು. ಮದುವೆ ಕಾರ್ಡು, ನಾಮಕರಣದ ಕಾರ್ಡು, ತಿಥಿ ಕಾರ್ಡು, ಬಿಲ್ ಬುಕ್ಕು, ಸ್ತ್ರೀಶಕ್ತಿ ಸಂಘದ ಲೆಟರ್‌ಹೆಡ್ಡು, ಬಾಡಿಗೆ ಕರಾರು, ತಹಶೀಲ್ದಾರರಿಗೆ ಅರ್ಜಿ ಎಲ್ಲಾ ಅವರೇ. ಮಧ್ಯಾಹ್ನದ ಮೇಲೆ ರಾಜೀವನಗರದ ಒಬ್ಬ ಹುಡುಗ ಬಂದು ಇನ್ನೊಂದು ಕಂಪ್ಯೂಟರಿನಲ್ಲಿ ಉರ್ದು ಕಾರ್ಡು ಮಾಡ್ತಾನೆ. ಅದಕ್ಕೆ ಇನ್‌ಪೇಜ್ ಅನ್ನೋ ತಂತ್ರಾಂಶ. ಇಳಿಜಾರಾಗಿ ಬರೆಯೋ ಆ ನಸ್ತಾಲಿಕ್ ಅಕ್ಷರ ಅದರಲ್ಲಿ ಮೂಡೋದು ನೋಡೋಕೇ ಚೆಂದ.

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸ್ತಲ್ಲ, ಅದಕ್ಕೆ ಮುಂಚೆಯಿಂದಲೇ ಪರದೆ ಮೇಲೆ ಸೂಚನೆ ಬರೋಕೆ ಶುರುವಾಯ್ತು. ಒಂದಿನ ಆಧಾರ್ ಜೆರಾಕ್ಸ್ ಮಾಡಿಸೋಕೆ ಹೋದಾಗ ಅಕ್ಕ ಕರೆದು ತೋರಿಸಿದರು.

"ನೋಡಪ್ಪ, ನನ್ ಕಂಪ್ಯೂಟ್ರಿಗೆ ಆಯಸ್ಸು ಮುಗೀತು ಅಂತ ಬರ್ತಿದೆ. ಅಂಗಡೀಲಿ ಕೇಳಿದ್ರೆ ಇದಕ್ಕೆ ಹನ್ನೊಂದು ಹಾಕೋಕಾಗಲ್ಲ, ಹೊಸದೇ ತಗೋಬೇಕು ಅಂತಾರೆ. ನಲವತ್ತು ಸಾವಿರವಂತೆ."

ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ವಿಂಡೋಸ್ 11 ಹಾಕೋಕೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಇಂಟೆಲ್ ಆದ್ರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಮೇಲಿನ ಪ್ರೊಸೆಸರ್ ಬೇಕು. ಅಕ್ಕನ ಮೆಷೀನು ಅದಕ್ಕಿಂತ ಹಳೇದು. ಕೆಟ್ಟಿಲ್ಲ, ನಿಂತಿಲ್ಲ, ಚೆನ್ನಾಗಿ ಉಳೋ ಎತ್ತನ್ನ ಹಲ್ಲು ನೋಡಿ ಕಟುಕರಿಗೆ ಕೊಡು ಅನ್ನೋ ಹಾಗೆ.

ನನ್ನೊಳಗಿನ ಇಂಜಿನಿಯರು ಎದ್ದು ನಿಂತ. "ಅಕ್ಕ, ಒಂದು ರೂಪಾಯಿ ಖರ್ಚು ಮಾಡ್ಬೇಡಿ. ಲಿನಕ್ಸ್ ಹಾಕಿಕೊಡ್ತೀನಿ. ಫ್ರೀ. ವೈರಸ್ ಕಾಟ ಇಲ್ಲ. ಕನ್ನಡ ಕೀಬೋರ್ಡ್ ಅದರಲ್ಲೇ ಬರುತ್ತೆ" ಅಂದೆ. ಅದೂ ನಿಜವೇ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಿಂದಾಗಿ ಕನ್ನಡದ ಡಿಟಿಪಿ ಲೋಕಕ್ಕೆಲ್ಲ ಹಬ್ಬಿದ ಕೀಲಿಮಣೆ ವಿನ್ಯಾಸ ಇದೆಯಲ್ಲ, ಕಗಪ ಅಂತಾರೆ, ಅದು ಲಿನಕ್ಸ್‌ನಲ್ಲಿ ಮೊದಲೇ ಇದೆ, ಬೇರೆ ಹಾಕ್ಕೋಬೇಕಿಲ್ಲ. ಅಕ್ಕ ನಂಬಿದರು. ನಂಬದೆ ಏನು ಮಾಡ್ತಾರೆ, ಬೀದಿಯಲ್ಲಿ ಬಿಇ ಓದಿ ಕಂಪನಿಗೆ ಹೋಗೋನು ನಾನು.

ದೀಪಾವಳಿ ಕಳೆದ ಮೇಲೆ ಒಂದು ಶನಿವಾರ ರಾತ್ರಿ ಕೂತು ಎರಡು ಮೆಷೀನಿಗೂ ಉಬುಂಟು ಹಾಕಿದೆ. ಪುಣ್ಯಕ್ಕೆ ಹಳೇ ಫೈಲುಗಳನ್ನೆಲ್ಲ ಹೊರಗಿನ ಡಿಸ್ಕಿಗೆ ಕಾಪಿ ಮಾಡಿಟ್ಟಿದ್ದೆ. ಸೋಮವಾರ ಬೆಳಗ್ಗೆ ಹತ್ತಕ್ಕೆ ಫೋನು.

"ಕೀಬೋರ್ಡು ಸರಿಯಾಗೇ ಇದೆ ಕಣಪ್ಪ. ಆದ್ರೆ ನನ್ ಕಾರ್ಡುಗಳೆಲ್ಲಾ ಎಲ್ಲೋದ್ವು?"

ಆಫೀಸಿಗೆ ಅರ್ಧ ದಿನ ರಜೆ ಹಾಕಿ ಓಡಿದೆ. ಪೇಜ್‌ಮೇಕರ್ ಇಲ್ಲ. ಅವರ ಹಳೇ ಫೈಲನ್ನ ಲಿಬ್ರೆಆಫೀಸಿನಲ್ಲಿ ತೆಗೆದೆ, ತೆರೆಯಿತು. ಅಕ್ಷರದ ಬದಲು ಏನೇನೋ ಇಂಗ್ಲಿಷ್ ಚಿಹ್ನೆ. ನುಡಿ ಫಾಂಟ್ ಹಾಕಿದೆ, ಅಕ್ಷರ ಬಂತು, ಸಾಲೆಲ್ಲಾ ಜಾರಿ ಹೋಗಿತ್ತು. ಗಣಪತಿ ಚಿತ್ರ ಬಂದು ವರನ ಹೆಸರಿನ ಮೇಲೆ ಕೂತಿತ್ತು. ಉರ್ದು ಮೆಷೀನಿನ ಕತೆ ಇನ್ನೂ ಕೆಟ್ಟದ್ದು. ಇನ್‌ಪೇಜ್ ಲಿನಕ್ಸಿಗೆ ಇಲ್ಲ, ಆ ಫೈಲುಗಳು ತೆರೆಯಲೇ ಇಲ್ಲ. ಸ್ಕ್ರೈಬಸ್‌ನಲ್ಲಿ ಹೊಸದಾಗಿ ಮಾಡೋಣ ಅಂದೆ. ಎದುರಿಗೆ ಒಬ್ಬರು ನಿಂತಿದ್ದರು, ತಲೆ ಬೋಳಿಸಿದ್ದರು. ಅವರಿಗೆ ಬೇಕಾಗಿದ್ದು ತಿಥಿ ಕಾರ್ಡು, ಹನ್ನೊಂದನೇ ದಿನಕ್ಕೆ. ಮದುವೆಯೋರಾದ್ರೆ ನಾಳೆ ಬರ್ತೀವಿ ಅಂತಾರೆ, ಸಾವಿನ ಮನೆಯೋರು ಕಾಯೋಕಾಗುತ್ತಾ? ಅವರು ಮಾತಾಡದೆ ಎದ್ದು ಬೇರೆ ಅಂಗಡಿಗೆ ಹೋದರು. ಸಂಜೆಗೆ ಐನೂರು ಮದುವೆ ಕಾರ್ಡಿನ ಆರ್ಡರೂ ಹೋಯ್ತು. ಆಫ್‌ಸೆಟ್ ಪ್ರೆಸ್ಸಿನೋರು ಪೇಜ್‌ಮೇಕರ್ ಫೈಲ್ ಕಳಿಸಿ, ಬೇರೆ ಆಗಲ್ಲ ಅಂದಿದ್ದರು.

ವಾಪಸ್ ವಿಂಡೋಸ್ ಹಾಕಿ, ಎಲ್ಲವನ್ನೂ ಮೊದಲಿನ ಹಾಗೆ ಮಾಡೋಕೆ ಬುಧವಾರ ಆಯ್ತು. ನಷ್ಟಕ್ಕೆ ಅಂತ ದುಡ್ಡು ಕೊಡೋಕೆ ಹೋದೆ, ತಗೊಳ್ಳಲಿಲ್ಲ. ಬೈಯಲೂ ಇಲ್ಲ. ಬೈದಿದ್ರೆ ಚೆನ್ನಾಗಿತ್ತು.

"ನೀನು ಕಂಪ್ಯೂಟ್ರು ನೋಡ್ದೆ ಕಣಪ್ಪ, ನಾನೇನ್ ಮಾಡ್ತೀನಿ ಅಂತ ಒಂದ್ ಮಾತು ಕೇಳ್ಲಿಲ್ಲ" ಅಂದರು, ಅಷ್ಟೇ.

ಈಗ ಕ್ಯಾಂಟೀನಿನ ಹುಡುಗನ ಪ್ರಶ್ನೆಗೆ ಬರೋಣ. ಯಾಕೆ ಇನ್ನೂ ಪೇಜ್‌ಮೇಕರ್? ಅದರ ಕೊನೇ ಆವೃತ್ತಿ 7.0 ಬಂದಿದ್ದು 2001ರಲ್ಲಿ. 2004ಕ್ಕೆ ಅಡೋಬಿ ಅದನ್ನ ಬೆಳೆಸೋದನ್ನೇ ನಿಲ್ಲಿಸ್ತು. ಅದಕ್ಕೆ ಯುನಿಕೋಡ್ ಗೊತ್ತಿಲ್ಲ. ಗೊತ್ತಿಲ್ಲದ ತಂತ್ರಾಂಶದೊಳಗೆ ಕನ್ನಡ ತರೋಕೆ ಆವತ್ತಿನೋರು ಒಂದು ಉಪಾಯ ಮಾಡಿದರು. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಮನೆಗಳಲ್ಲೇ ಕನ್ನಡದ ಚೂರುಗಳನ್ನ ಕೂರಿಸಿದರು. ಕಂಪ್ಯೂಟರಿಗೆ ಅದು ಕನ್ನಡ ಅಂತ ಗೊತ್ತೇ ಇಲ್ಲ. ನುಡಿ ಫಾಂಟ್ ತೆಗೆದುಬಿಟ್ರೆ 'ಕನ್ನಡ' ಅನ್ನೋ ಪದ ಒಂದು ಇಂಗ್ಲಿಷ್ ಪಿ, ತಲೆ ಮೇಲೆ ಗೀಟು ಹೊತ್ತ ಒಂದು ಎ, ಆಮೇಲೆ ಬ್ರಿಟಿಷರ ಪೌಂಡ್ ಚಿಹ್ನೆ, ಹೀಗೆ ಕಾಣುತ್ತೆ. ನಕ್ಕುಬಿಡಬೇಡಿ. ಆ ಉಪಾಯ ಇಲ್ಲದೇ ಹೋಗಿದ್ರೆ ಇಪ್ಪತ್ತು ವರ್ಷ ಕನ್ನಡದ ಪುಸ್ತಕ, ಪತ್ರಿಕೆ, ಪ್ರಶ್ನೆಪತ್ರಿಕೆ, ಲಗ್ನಪತ್ರಿಕೆ ಅಚ್ಚಾಗ್ತಿರಲಿಲ್ಲ. ಶೇಷಾದ್ರಿವಾಸು 1998ರಲ್ಲಿ ಬರಹ ಕೊಟ್ಟರು, ಕನ್ನಡ ಗಣಕ ಪರಿಷತ್ತಿನಿಂದ ನುಡಿ ಬಂತು. ಎರಡೂ ಬಂದಿದ್ದು ವಿಂಡೋಸಿಗೆ. ಯಾಕಂದ್ರೆ ಅಚ್ಚಿನ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಇದ್ದಿದ್ದು ಅದೇ.

ಅಲ್ಲಿಗೆ ಒಂದು ಸರಪಣಿ ಬಿತ್ತು ನೋಡಿ. ಗಿರಾಕಿ ಹಳೇ ಕಾರ್ಡು ತಂದು ಇದೇ ಥರ ಮಾಡಿಕೊಡಿ ಅಂತಾನೆ. ಹಳೇ ಕಾರ್ಡು ಪೇಜ್‌ಮೇಕರಿನಲ್ಲಿದೆ. ಪ್ರೆಸ್ಸಿನೋನು ಅದೇ ಕೇಳ್ತಾನೆ, ಅವನ ಪ್ಲೇಟ್ ಮಾಡೋನೂ ಅದೇ ಕೇಳ್ತಾನೆ. ಯಾವುದೋ ಕಚೇರಿಯಲ್ಲಿ ಕರಡನ್ನ ನುಡಿಯಲ್ಲೇ ತನ್ನಿ ಅಂತಾರೆ. ಇಷ್ಟು ಜನರಲ್ಲಿ ಒಬ್ಬರು ಮಾತ್ರ ಬಿಟ್ಟು ಹೊರಗೆ ಬಂದ್ರೆ ಅವರಿಗೆ ಆವತ್ತಿನ ಕೂಲಿ ಹೋಗುತ್ತೆ, ಸರಪಣಿಗೆ ಏನೂ ಆಗಲ್ಲ. ಇನ್‌ಡಿಸೈನ್ ಇದೆಯಲ್ಲ, ಅದರಲ್ಲಿ ಯುನಿಕೋಡ್ ಕನ್ನಡ ಕೂರುತ್ತಲ್ಲ ಅನ್ನೋರಿಗೆ, ಹೌದು ಸ್ವಾಮಿ, ಕೂರುತ್ತೆ, ತಿಂಗಳು ತಿಂಗಳೂ ಬಾಡಿಗೆ ಕಟ್ಟಬೇಕು. ಕಾರ್ಡಿಗೆ ಇಷ್ಟು ಅಂತ ಲೆಕ್ಕ ಹಾಕಿ ಬದುಕೋರಿಗೆ ಅಂಗಡಿ ಬಾಡಿಗೆ ಒಂದೇ ಸಾಕಾಗಿದೆ.

ಯಂತ್ರ ಆರಿಸೋ ಸ್ವಾತಂತ್ರ್ಯ ಇಲ್ಲದಿರೋದು ಅಕ್ಕನಿಗೆ ಮಾತ್ರ ಅಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಂತ್ರವನ್ನ ತಮ್ಮ ಜೇಬಿನಿಂದಲೇ ತರಬೇಕಾದ ನೌಕರರನ್ನ ನೋಡಿ. ನಮ್ಮ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು 2024ರ ಸೆಪ್ಟೆಂಬರಿನಲ್ಲಿ ಒಂದು ಸಲ, 2025ರ ಫೆಬ್ರವರಿಯಲ್ಲಿ ಮತ್ತೊಂದು ಸಲ ಮುಷ್ಕರ ಕೂತರು. ಹತ್ತಾರು ಆಪ್‌ಗಳ ಕೆಲಸ ಹೇರಿದ್ದೀರಿ, ಮೊಬೈಲು ಲ್ಯಾಪ್‌ಟಾಪು ಕೊಡಿ ಅನ್ನೋದೂ ಅವರ ಬೇಡಿಕೆಯಲ್ಲಿತ್ತು. 2025ರ ಸೆಪ್ಟೆಂಬರ್ 22ಕ್ಕೆ ಶುರುವಾದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯಲ್ಲಿ ಮೇಷ್ಟ್ರುಗಳು ತಮ್ಮ ಫೋನಿಗೆ ಆಪ್ ಹಾಕ್ಕೊಂಡು ಮನೆ ಮನೆ ಸುತ್ತಿದರು. ಆಪ್ ಕೈಕೊಟ್ಟಾಗ ಬಾಗಿಲಲ್ಲಿ ನಿಂತು ಮುಖ ಸಣ್ಣ ಮಾಡಿಕೊಂಡೋರು ಅವರೇ, ಆಪ್ ಬರೆದೋರಲ್ಲ. ಮೇಷ್ಟ್ರುಗಳಲ್ಲಿ ಆಂಡ್ರಾಯ್ಡ್ ಜನಪ್ರಿಯ ಅಂತ ಯಾರಾದ್ರೂ ಲೆಕ್ಕ ಕೊಟ್ರೆ, ಆ ಜನಪ್ರಿಯತೆ ಎಲ್ಲಿಂದ ಬಂತು ಅಂತಾನೂ ಕೇಳಿ.

ಹಾಗಂತ ಇದೆಲ್ಲ ಹಣೆಬರಹ ಅಂತ ಕೂರೋಕಾಗಲ್ಲ. ಯಾರೋ ಕಟ್ಟಿದ ಗಂಟನ್ನ ಯಾರಾದ್ರೂ ಬಿಚ್ಚಬಹುದು. ಉದಾಹರಣೆ ನಮ್ಮ ಗಡಿ ಆಚೆಯೇ ಇದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಕಂಪ್ಯೂಟರ್ ಕಲಿಯೋದು ಲಿನಕ್ಸ್ ಮೇಲೆ. ಕೇರಳ ಸರ್ಕಾರ ಐಟಿ ಅಟ್ ಸ್ಕೂಲ್ ಯೋಜನೆಯಲ್ಲಿ, 2000ದ ದಶಕದಲ್ಲೇ, ಶಾಲೆಗಳನ್ನ ಮುಕ್ತ ತಂತ್ರಾಂಶಕ್ಕೆ ತಿರುಗಿಸ್ತು. ಬರೀ ಸಿ.ಡಿ. ಹಂಚಿ ಕೈ ತೊಳಕೊಳ್ಳಲಿಲ್ಲ. ಮೇಷ್ಟ್ರುಗಳಿಗೆ ತರಬೇತಿ ಕೊಟ್ಟರು, ಪಠ್ಯಪುಸ್ತಕ ಬರೆದರು, ಪರೀಕ್ಷೆಯನ್ನೂ ಅದರಲ್ಲೇ ಮಾಡಿದರು. ಸರಪಣಿಯನ್ನ ಎಲ್ಲಾ ಕಡೆಯಿಂದ ಒಟ್ಟಿಗೆ ಬಿಚ್ಚಿದರು. ನಾನು ಕೆಸರೆಯಲ್ಲಿ ಒಂದು ಶನಿವಾರ ರಾತ್ರಿ ಮಾಡಿದ್ದು ಒಂದು ಕೊಂಡಿ ಮುರಿಯೋ ಕೆಲಸ.

ಇಷ್ಟು ಹೇಳಿದ ಮೇಲೆ ಒಬ್ಬರಾದ್ರೂ ಹೇಳೇ ಹೇಳ್ತಾರೆ: "ಕಾಲ ಬದಲಾದಾಗ ಅವರೂ ಕಲೀಬೇಕಪ್ಪ." ಈ ಮಾತು ಕೇಳಿದ್ರೆ ಮೈ ಉರಿಯುತ್ತೆ. ಆ ಅಕ್ಕ ಕಲಿಯದ್ದು ಏನಿದೆ? ಟೈಪ್‌ರೈಟರ್ ಹೋಯ್ತು, ನುಡಿ ಕಲಿತರು. ಫ್ಲೆಕ್ಸ್ ಬಂತು, ಕೋರೆಲ್ ಕಲಿತರು. ಅರ್ಜಿಗಳೆಲ್ಲ ಆನ್‌ಲೈನ್ ಆದವು, ಸೇವಾ ಸಿಂಧು ಕಲಿತು ಅರ್ಧ ಬೀದಿಯ ಅರ್ಜಿ ತುಂಬ್ತಾರೆ. ಅವರ ಕಾರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪು ಹುಡುಕಿ ನೋಡೋಣ. ಕಲಿಯದೇ ಇರೋರು ನಾವು. ಯುನಿಕೋಡಿನಲ್ಲಿ ಕನ್ನಡ 1991ರಿಂದ ಇದೆ. ಸ್ಕ್ರೈಬಸ್ ಅನ್ನೋ ಉಚಿತ ತಂತ್ರಾಂಶದಲ್ಲಿ ಕನ್ನಡದಂಥ ಲಿಪಿ ಸರಿಯಾಗಿ ಕೂರೋಕೆ ಶುರುವಾಗಿ ಎಷ್ಟೋ ವರ್ಷ ಆಯ್ತು. ಅದರಲ್ಲಿ ಒಂದು ಲಗ್ನಪತ್ರಿಕೆ ಮಾಡೋದು ಹೇಗೆ ಅಂತ ಕನ್ನಡದಲ್ಲಿ ಹತ್ತು ಪುಟ ಬರೆದು, ಒಬ್ಬ ಡಿಟಿಪಿಯವರ ಪಕ್ಕ ಕೂತು ತೋರಿಸಿದೋರು ನಮ್ಮಲ್ಲಿ ಎಷ್ಟು ಜನ? ಅರವಿಂದ ವಿ.ಕೆ. ಅವರಂಥೋರು ಗುಬ್ಬಿ, ನವಿಲು ಅಂತ ಮುಕ್ತ ಫಾಂಟ್ ಮಾಡಿ ಕೊಟ್ಟರು. ಅಂಥ ಕೆಲವರ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಪಟ್ಟಿ ಖಾಲಿಯಾಗುತ್ತೆ. ಇಷ್ಟೊಂದು ಇಂಜಿನಿಯರುಗಳಿರೋ ರಾಜ್ಯಕ್ಕೆ ಇದು ಸಾಕಾ? ಮದುವೆ ಕಾರ್ಡಿಗೆ ಬೇಕಾದ ದಪ್ಪ ಬಳ್ಳಿಯ ಅಕ್ಷರ, ಅಲಂಕಾರದ ಅಕ್ಷರ ಯುನಿಕೋಡಿನಲ್ಲಿ ಬೆರಳೆಣಿಕೆಯಷ್ಟು ಇಟ್ಕೊಂಡು, ಯಾಕೆ ಬದಲಾಗಲ್ಲ ಅಂತ ಅವರನ್ನ ಕೇಳೋಕೆ ನಮಗೆ ಬಾಯಿ ಹೇಗೆ ಬರುತ್ತೆ?

ಅಕ್ಕನ ಅಂಗಡಿಯಲ್ಲಿ ಈಗಲೂ ವಿಂಡೋಸ್ 10 ಓಡ್ತಿದೆ. ಮೈಕ್ರೋಸಾಫ್ಟ್ ಕೊಟ್ಟ ಹೆಚ್ಚುವರಿ ವಾಯಿದೆಗೆ ನೋಂದಾಯಿಸಿದ್ದೀನಿ, 2026ರ ಅಕ್ಟೋಬರ್ 13ರ ತನಕ. ಭಾನುವಾರ ಮಧ್ಯಾಹ್ನ ಅಂಗಡಿ ಅರ್ಧ ಬಾಗಿಲು ಹಾಕಿದ ಮೇಲೆ ಹೋಗಿ ಕೂರ್ತೀನಿ. ಅವರ ಹಳೇ ಕಾರ್ಡುಗಳನ್ನ ಒಂದೊಂದಾಗಿ ಯುನಿಕೋಡಿಗೆ ಬದಲಾಯಿಸಿ, ಸ್ಕ್ರೈಬಸ್‌ನಲ್ಲಿ ಕೂರಿಸಿ, ಪಿಡಿಎಫ್ ಮಾಡಿ ಪ್ರೆಸ್ಸಿಗೆ ಕಳಿಸಿ ನೋಡ್ತಿದೀವಿ. ಪ್ರೆಸ್ಸಿನೋರು ಮೊದಲು ಗೊಣಗಿದರು, ಒಂದು ಕಾರ್ಡು ಅಚ್ಚಾಗಿ ಬಂದ ಮೇಲೆ ಸುಮ್ಮನಾದರು. ಇನ್ನೂರಕ್ಕೂ ಮೇಲಿರೋ ಕಾರ್ಡುಗಳಲ್ಲಿ ಹತ್ತೊಂಬತ್ತು ಆಗಿದೆ. ತಿಥಿ ಕಾರ್ಡನ್ನೇ ಮೊದಲು ಮಾಡಿದ್ದು. ಉರ್ದು ಮೆಷೀನಿನ ತಂಟೆಗೆ ಹೋಗಿಲ್ಲ. ಆ ಹುಡುಗನ ಕೆಲಸ ಏನು, ಹೇಗೆ ಅಂತ ಇನ್ನೂ ಕೇಳಿ ತಿಳ್ಕೊಳ್ತಾ ಇದೀನಿ.

ಹೋದ ವಾರ ಒಂದು ಗೃಹಪ್ರವೇಶದ ಕಾರ್ಡು ಮುಗಿಸಿ, ಹೇಗಿದೆ ಅಕ್ಕ ಅಂದೆ. ಕನ್ನಡಕ ಮೇಲೆ ಮಾಡಿ, ಪರದೆ ಹತ್ತಿರ ಬಂದು ನೋಡಿದರು.

"ಆ 'ಸ್ತ್ರೀ' ನೋಡು, ಒತ್ತು ಕೆಳಗಿನ ಗೆರೆಗೆ ತಾಗ್ತಿದೆ. ಸಾಲು ಸ್ವಲ್ಪ ಸಡಿಲ ಮಾಡು" ಅಂದರು.

ಮಾಡಿದೆ.